ಕೂಗದ ಮಗು ಎಷ್ಟು ಒಳ್ಳೆಯ ಮಗು?

ಪಕ್ಕದ ಮನೆಗೆ ಬಾಣಂತಿ ಬಂದರೆ ನನ್ನಂಥವಳಿಗೆ ಕೆಲಸ ಹೆಚ್ಚು. ಮಗುವಿನ ಮೂಗು ಯಾರದ್ದು, ಬಣ್ಣ ಯಾರದ್ದು, ಬಾಣಂತಿಗೆ ಮೆಂತೆ ಗಂಜಿ ಕೊಟ್ಟರೋ ಇಲ್ಲವೋ, ಇಷ್ಟನ್ನು ತಿಳಿಯದೆ ನನಗೆ ಉಂಡದ್ದು ಇಳಿಯುವುದಿಲ್ಲ. ನನ್ನ ಗಂಡ ಚಾರ್ಲ್ಸ್ ಇದನ್ನು ಇಣುಕುವ ರೋಗ ಎನ್ನುತ್ತಾರೆ. ನಾನು ನೆರೆಹೊರೆಯ ಪ್ರೀತಿ ಎನ್ನುತ್ತೇನೆ. ನನ್ನ ಹೆಸರು ಎಲೇನ್. ಕೊಟ್ಟಾರದ ಈ ಅಡ್ಡರಸ್ತೆಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಶಾಲೆಯಲ್ಲಿ ಟೀಚರಾಗಿದ್ದವಳು, ಈಗ ನಿವೃತ್ತಿ. ಈ ಕಥೆಯಲ್ಲಿ ನನ್ನ ತಪ್ಪೂ ಉಂಟು, ಅದಕ್ಕೇ ನಾನೇ ಹೇಳುತ್ತಿದ್ದೇನೆ.

ನಮ್ಮ ಪಕ್ಕದ ಮನೆ ಗುಲಾಬಿಯಕ್ಕನದು. ಇಲ್ಲಿ ಕ್ರಿಸ್ತರ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು 'ಬಾಯಿ' ಎಂದು ಕರೆಯುತ್ತಾರೆ. ಅವರ ಒಬ್ಬಳೇ ಮಗಳು ನಿರೀಕ್ಷಾ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅಳಿಯ ಗೌರವ್ ಕಂಕನಾಡಿಯಲ್ಲಿ ಹೋಟೆಲು ನಡೆಸುತ್ತಾನೆ. ಚೊಚ್ಚಲ ಹೆರಿಗೆಗೆ ಮಗಳು ತಾಯಿಮನೆಗೆ ಬಂದಳು. ಆಸ್ಪತ್ರೆಯಲ್ಲಿ ಸುಸೂತ್ರ ಹೆರಿಗೆ, ಹೆಣ್ಣು ಮಗು, ತೂಕ ಎರಡು ಕಿಲೋ ಒಂಬೈನೂರು ಗ್ರಾಂ. ಮೂರನೆಯ ದಿನ ತಾಯಿ ಮಗು ಮನೆಗೆ ಬಂದರು.

ಗುಲಾಬಿಯಕ್ಕನ ಬಾಣಂತನ ಎಂದರೆ ಸಣ್ಣ ಸಂಗತಿಯಲ್ಲ. ಬಾಣಂತಿಯ ಕೋಣೆಗೆ ಗಾಳಿ ಹೊಗಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ ದಪ್ಪ ಪರದೆ ಎಳೆದಿದ್ದರು. ಒಳಗೆ ಹಳದಿ ಬಲ್ಬು ಒಂದು. ನಿರೀಕ್ಷಾಳ ಕಿವಿಗೆ ಬಟ್ಟೆ ಸುತ್ತಿತ್ತು. ದಿನಕ್ಕೆ ಎರಡು ಸಣ್ಣ ಲೋಟ ಜೀರಿಗೆ ನೀರು ಬಿಟ್ಟರೆ ಬೇರೆ ನೀರಿಲ್ಲ, ಯಾಕೆಂದರೆ ನೀರು ಕುಡಿದರೆ ಹೊಟ್ಟೆ ಜೋತು ಬೀಳುತ್ತದಂತೆ. ಹದಿನಾರನೆಯ ದಿನ ಅಮೆ, ಅಂದರೆ ಹೆರಿಗೆಯ ಸೂತಕ, ಕಳೆಯುವ ತನಕ ತಾಯಿ ಮಗು ಹೊಸ್ತಿಲು ದಾಟುವ ಹಾಗಿಲ್ಲ. ಇಷ್ಟೆಲ್ಲ ಹಳೆಯ ಕ್ರಮದ ನಡುವೆ ಹೊಸ ಕ್ರಮವೂ ಒಂದಿತ್ತು. ಗೌರವ್ ದೊಡ್ಡ ದೊಡ್ಡ ಎರಡು ಪ್ಯಾಕೆಟ್ ಡೈಪರ್ ತಂದು ಇಟ್ಟಿದ್ದ. ಬಟ್ಟೆ ಒಗೆಯುವ ರಗಳೆ ಇಲ್ಲ ಎಂದು ಗುಲಾಬಿಯಕ್ಕ ಅಳಿಯನನ್ನು ಬಾಯಿತುಂಬ ಹೊಗಳಿದ್ದರು.

ನಾಲ್ಕನೆಯ ದಿನ ನಾನು ನೋಡಲು ಹೋದೆ. ಮಗು ತೊಟ್ಟಿಲಲ್ಲಿ ಕಣ್ಣು ಮುಚ್ಚಿ ಮಲಗಿತ್ತು. ಆ ಬಲ್ಬಿನ ಬೆಳಕಿಗೆ ಕೆನ್ನೆ ಬಂಗಾರದ ಹಾಗೆ ಕಂಡಿತು.

"ಎಷ್ಟು ಪಾಪದ, ಸಾಧು ಮಗು ಗುಲಾಬಿಯಕ್ಕ," ಎಂದೆ. "ಎರಡು ದಿನದಿಂದ ನಮ್ಮ ಮನೆಗೆ ಒಂದು ಸ್ವರ ಕೇಳಲಿಲ್ಲ."

"ಹೌದು ಬಾಯಿ. ಎದ್ದು ಒಂದು ಗುಟುಕು ಕುಡೀತದೆ, ಪುನಃ ಮಲಗ್ತದೆ. ಇವಳು ಸಣ್ಣದಿರುವಾಗ ಊರು ಎಬ್ಬಿಸಿದವಳು. ಮಗು ಮಾತ್ರ ಅಪ್ಪನ ಹಾಗೆ, ಶಾಂತ."

ಮಂಚದ ಮೇಲಿದ್ದ ನಿರೀಕ್ಷಾ ಮೆಲ್ಲ ಬಾಯಿ ತೆರೆದಳು. "ಆಂಟಿ, ನನಗೆ ಎಂತ ಅನಿಸ್ತದೆ ಅಂದ್ರೆ..."

"ನೀನು ಸುಮ್ಮನೆ ಮಲಗು," ಎಂದರು ಗುಲಾಬಿಯಕ್ಕ. "ಬಾಣಂತಿ ಹೆಚ್ಚು ಮಾತಾಡಬಾರದು."

ಅವಳಿಗೆ ಏನು ಅನಿಸಿತ್ತು ಎಂದು ನಾನು ಕೇಳಬೇಕಿತ್ತು. ಊರಿನ ಸುದ್ದಿಯೆಲ್ಲ ಬೇಕಾದ ನನಗೆ ಅದೊಂದು ಬೇಡವಾಯಿತು. ಮೀನಿನವಳು ಹಾರ್ನ್ ಮಾಡಿದಳು, ಎದ್ದು ಬಂದೆ.

ಆರನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಸುಹರಾ ಬಂದಳು. ಸುಹರಾ ನಮ್ಮ ಭಾಗದ ಆಶಾ ಕಾರ್ಯಕರ್ತೆ. ಮಗು ಮನೆಗೆ ಬಂದ ದಿನವೂ ಅವಳು ಬಂದಿದ್ದಳು. ನಮಗೆ ಪ್ರೈವೇಟ್ ಡಾಕ್ಟರ್ ಉಂಟು ಎಂದು ಗುಲಾಬಿಯಕ್ಕ ಗೇಟಿನಿಂದಲೇ ಕಳಿಸಿದ್ದರು. ಆದರೂ ಅವಳು ಪುನಃ ಬಂದಳಲ್ಲ ಎಂದು ನನಗೆ ಆಶ್ಚರ್ಯ. ಏನು ನಡೆಯುತ್ತದೆ ನೋಡೋಣ ಎಂದು ನಾನೂ ಅವಳ ಹಿಂದೆಯೇ ನಡೆದೆ.

"ಇವತ್ತು ತೂಕ ನೋಡಿ ಹೋಗ್ತೇನೆ ಗುಲಾಬಿಯಕ್ಕ, ಐದು ನಿಮಿಷ," ಎಂದಳು ಸುಹರಾ.

ಗುಲಾಬಿಯಕ್ಕನಿಗೆ ಮನಸ್ಸಿರಲಿಲ್ಲ. ಆದರೆ ಮನೆಯೊಳಗೆ ಬಂದವರನ್ನು ಹೊರಗೆ ಹಾಕುವ ಜನ ಅವರಲ್ಲ. ಸುಹರಾ ಸೋಪು ಹಾಕಿ ಕೈ ತೊಳೆದು ತೊಟ್ಟಿಲ ಬಳಿ ಕೂತಳು. ಮಗುವನ್ನು ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿದಳು.

"ನಿನ್ನೆ ಮಗು ಎಷ್ಟು ಸಲ ಉಚ್ಚೆ ಮಾಡಿದೆ?"

ನಾನು ಗುಲಾಬಿಯಕ್ಕನ ಮುಖ ನೋಡಿದೆ. ಅವರು ಮಗಳ ಮುಖ ನೋಡಿದರು.

"ಅದು ಹೇಗೆ ಗೊತ್ತಾಗುದು?" ಎಂದರು ಗುಲಾಬಿಯಕ್ಕ. "ಡೈಪರ್ ಉಂಟಲ್ಲ."

"ನೀವು ನಿರೀಕ್ಷಾಳನ್ನು ಸಾಕುವಾಗ ಹೇಗೆ ಗೊತ್ತಾಗ್ತಿತ್ತು?"

"ಆಗ ಬಟ್ಟೆ ಅಲ್ವಾ. ಹಳೆ ಸೀರೆ ತುಂಡು, ಮುಂಡು ತುಂಡು. ಒದ್ದೆ ಆದ ಕೂಡಲೇ ತೆಗೀಬೇಕು. ಸಂಜೆಗೆ ಹಗ್ಗ ತುಂಬ್ತಿತ್ತು ಮಾರಾಯ್ತಿ."

ನನ್ನ ಅಡುಗೆಮನೆಯ ಕಿಟಕಿಗೆ ಆ ಹಗ್ಗ ಕಾಣುತ್ತದೆ. ಮೂರು ದಿನದಿಂದ ಅದರಲ್ಲಿ ಮಗುವಿನ ಒಂದು ತುಂಡು ಬಟ್ಟೆಯೂ ಒಣಗಿರಲಿಲ್ಲ. ನಾನು ಅದನ್ನು ದಿನಾ ನೋಡಿಯೂ ನೋಡಿರಲಿಲ್ಲ.

ಸುಹರಾ ಮಗುವಿನ ಡೈಪರ್ ಬಿಚ್ಚಿದಳು. "ಇದನ್ನು ಯಾವಾಗ ಹಾಕಿದ್ದು?"

"ಬೆಳಗ್ಗೆ ಆರಕ್ಕೆ."

"ಹೊಸದು ಒಂದು ಕೊಡಿ." ಪ್ಯಾಕೆಟಿನಿಂದ ತೆಗೆದ ಹೊಸ ಡೈಪರ್ ಒಂದು ಕೈಯಲ್ಲಿ, ಬಿಚ್ಚಿದ್ದು ಇನ್ನೊಂದು ಕೈಯಲ್ಲಿ ಹಿಡಿದು, ಎರಡನ್ನೂ ಗುಲಾಬಿಯಕ್ಕನ ಕೈಗೆ ಕೊಟ್ಟಳು. "ತೂಗಿ ನೋಡಿ."

ಗುಲಾಬಿಯಕ್ಕ ಎರಡು ಅಂಗೈಯಲ್ಲಿ ತೂಗಿದರು. ಕೈ ಬದಲಾಯಿಸಿ ಪುನಃ ತೂಗಿದರು. "ಎರಡೂ ಒಂದೇ ಉಂಟಲ್ಲ," ಎಂದರು. ಸ್ವರ ಸ್ವಲ್ಪ ಇಳಿದಿತ್ತು.

"ಐದು ಗಂಟೆಯಲ್ಲಿ ಒಂದು ಹನಿಯೂ ಇಲ್ಲ. ಈ ವಯಸ್ಸಿನ ಮಗು ದಿನಕ್ಕೆ ಕಡಿಮೆಯಲ್ಲಿ ಆರು ಸಲ ಒದ್ದೆ ಮಾಡಬೇಕು. ಒಳಗೆ ಹಾಲು ಹೋದರೆ ಅಲ್ವಾ ಹೊರಗೆ ಬರುದು? ಹಾಲು ಎಷ್ಟು ಕುಡೀತು ಅಂತ ನಮಗೆ ಕಾಣುದಿಲ್ಲ. ಒದ್ದೆ ಆದದ್ದು ಕಾಣ್ತದೆ. ಲೆಕ್ಕ ಅದರದ್ದೇ."

ಅವಳು ಚೀಲದಿಂದ ತಕ್ಕಡಿ ತೆಗೆದು, ಮಗುವನ್ನು ಜೋಲಿಗೆ ಹಾಕಿ ಎತ್ತಿ ಹಿಡಿದಳು. ಎರಡು ಕಿಲೋ ಐನೂರೈವತ್ತು. ಹುಟ್ಟಿದ ಮೇಲೆ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ, ಆದರೆ ಇಷ್ಟು ಇಳಿಯಬಾರದು ಎಂದಳು. ಜೋಲಿಯಲ್ಲಿ ತೂಗಿದರೂ ಮಗು ಕಣ್ಣು ತೆರೆಯಲಿಲ್ಲ.

ಆಗ ಮಂಚದಿಂದ ಅಳುವ ಸದ್ದು ಬಂತು. ಮಗುವಿನದ್ದಲ್ಲ, ತಾಯಿಯದ್ದು.

"ನಾನು ಮೊನ್ನೆಯೇ ಹೇಳ್ಲಿಕ್ಕೆ ಹೋದದ್ದು," ಎಂದಳು ನಿರೀಕ್ಷಾ. "ಅದು ಎಳೆಯುದೇ ಇಲ್ಲ ಸುಹರಾ. ಬಾಯಿ ಇಟ್ಟು ಎರಡು ಸಲ ಎಳೆದು ನಿದ್ರೆ ಹೋಗ್ತದೆ. ನನಗೆ ಹೆದರಿಕೆ ಆಗ್ತದೆ. ಎಲ್ಲರೂ ಎಷ್ಟು ಒಳ್ಳೆ ಮಗು ಅಂತಾರೆ. ನನಗೆ ಮಾತ್ರ ಹಾಗೆ ಅನಿಸುದಿಲ್ಲ. ನಾನೇ ಸರಿ ಇಲ್ಲವಾ ಅಂತ ಸುಮ್ಮನಾದೆ."

ನನಗೆ ನಾಚಿಕೆಯಾಯಿತು. ಆ ಎಲ್ಲರಲ್ಲಿ ಮೊದಲನೆಯವಳು ನಾನು.

ಸುಹರಾ ಅವಳ ಬೆನ್ನು ಸವರಿದಳು. "ನೀವೇ ಸರಿ ಇದ್ದದ್ದು. ಈಗ ನಾವು ಬೆಳಕಿಗೆ ಹೋಗುವ," ಎಂದು ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋಗಿ ಪರದೆ ಸರಿಸಿದಳು. ಗಾಳಿ ಬರುತ್ತದೆ ಎಂದು ಗುಲಾಬಿಯಕ್ಕ ಹೇಳುವಷ್ಟರಲ್ಲಿ ಹಗಲ ಬೆಳಕು ಮಗುವಿನ ಮೇಲೆ ಬಿತ್ತು. ಬಲ್ಬಿನ ಕೆಳಗೆ ಬಂಗಾರದ ಹಾಗೆ ಕಂಡ ಮಗು ಈಗ ಅರಸಿನ ಹಚ್ಚಿದ ಹಾಗೆ ಕಂಡಿತು.

"ಕಾಮಾಲೆ," ಎಂದಳು ಸುಹರಾ.

"ಅದು ಎಲ್ಲ ಮಕ್ಕಳಿಗೂ ಬರ್ತದೆ," ಎಂದರು ಗುಲಾಬಿಯಕ್ಕ. "ನಿರೀಕ್ಷಾಳಿಗೂ ಬಂದಿತ್ತು. ಬೆಳಗ್ಗಿನ ಬಿಸಿಲಿಗೆ ಹಿಡಿದರೆ ಹೋಗ್ತದೆ. ನೀವು ಹೊಸತಾಗಿ ಹೆದರಿಸುದು ಬೇಡ."

"ಬರ್ತದೆ, ನಿಮ್ಮ ಮಾತು ಹೌದು. ಮುಖದಲ್ಲಿ, ಎದೆಯಲ್ಲಿ ಸ್ವಲ್ಪ ಹಳದಿ ಬಂದು ಹೋಗುದು ತುಂಬ ಮಕ್ಕಳಿಗೆ ಉಂಟು. ಆದರೆ ಎಲ್ಲಿಯವರೆಗೆ ಇಳಿದಿದೆ ಅಂತ ನೋಡಬೇಕು. ನನ್ನ ಮಾತು ನಂಬಬೇಡಿ. ಅಂಗಾಲು ಒತ್ತಿ ನೀವೇ ನೋಡಿ."

ಗುಲಾಬಿಯಕ್ಕನನ್ನು ನಾನು ಬಲ್ಲೆ. ಬಂಗುಡೆಯ ಕಿವಿರು ಎತ್ತಿ, ಕಣ್ಣು ನೋಡಿ, ಹೊಟ್ಟೆ ಒತ್ತಿ, ಮೀನಿನವಳ ತಾಳ್ಮೆ ಮುಗಿದ ಮೇಲೆಯೇ ಕೊಳ್ಳುವವರು. ಅಂಥವರು ಮೂರು ದಿನದಿಂದ ಮೊಮ್ಮಗಳನ್ನು ಮಾತ್ರ ಪರದೆಯ ಹಿಂದೆ ಇಟ್ಟು ನೋಡಿದ್ದರು. ಅವರು ಮುಂದೆ ಬಂದು ಮಗುವಿನ ಪುಟ್ಟ ಅಂಗಾಲಿಗೆ ಹೆಬ್ಬೆರಳು ಒತ್ತಿ ಬಿಟ್ಟರು. ಒತ್ತಿದ ಜಾಗ ಹಳದಿಯಾಗಿ ಉಳಿಯಿತು. ತಮ್ಮ ಅಂಗೈ ಒತ್ತಿ ನೋಡಿದರು, ಬೆಳ್ಳಗಾಗಿ ಕೆಂಪಾಯಿತು. ಮಗುವಿನ ಅಂಗೈ ಒತ್ತಿದರು, ಹಳದಿ. ಇನ್ನೊಂದು ಕಾಲನ್ನೂ ಒತ್ತಿದರು.

"ಕಾಲಿನವರೆಗೆ ಬಂದರೆ ಎಂತ?" ಎಂದು ಕೇಳಿದರು.

"ಅಂಗೈ, ಅಂಗಾಲು ಹಳದಿ ಆದರೆ ಮನೆಯಲ್ಲಿ ಇಡ್ಲಿಕ್ಕಿಲ್ಲ. ಅದರ ಮೇಲೆ ಈ ಮಗು ಎದ್ದು ಹಾಲು ಕುಡೀತಾ ಇಲ್ಲ. ಇವತ್ತೇ, ಈಗಲೇ ಆಸ್ಪತ್ರೆಗೆ."

"ಈಗಲೇ ಅಂದರೆ ಹೇಗೆ? ಅಮೆ ಉಂಟಲ್ಲ. ಇನ್ನು ಹತ್ತು ದಿನ..."

"ಹತ್ತು ದಿನ ಕಾಯ್ಲಿಕ್ಕೆ ಈ ಮಗುವಿಗೆ ಆಗುದಿಲ್ಲ ಗುಲಾಬಿಯಕ್ಕ," ಎಂದಳು ಸುಹರಾ. ಅವಳು ಸ್ವರ ಏರಿಸಲಿಲ್ಲ.

ಗುಲಾಬಿಯಕ್ಕ ಮಗಳ ಕಡೆ ನೋಡಿದರು. ನಿರೀಕ್ಷಾ ಆಗಲೇ ಕಿವಿಯ ಬಟ್ಟೆ ಬಿಚ್ಚಿ ಮಂಚದಿಂದ ಇಳಿದಿದ್ದಳು. ಗೋಡೆ ಹಿಡಿದು ನಿಂತಿದ್ದಳು, ಆದರೆ ನಿಂತಿದ್ದಳು. ತಾಯಿಯ ಅಪ್ಪಣೆ ಕೇಳುವ ಮುಖ ಅದಾಗಿರಲಿಲ್ಲ. ಗುಲಾಬಿಯಕ್ಕ ದೇವರ ಕೋಣೆಯ ಕಡೆಗೆ ತಿರುಗಿ ಕೈ ಮುಗಿದರು.

"ದೈವಕ್ಕೆ ನಾನು ಹೇಳಿಕೊಳ್ತೇನೆ," ಎಂದರು. "ಬಾಯಿ, ಚಾರ್ಲ್ಸ್ ಮನೆಯಲ್ಲಿದ್ದಾರಾ? ಕಾರು ತೆಗೀಲಿಕ್ಕೆ ಹೇಳಿ."

ಚಾರ್ಲ್ಸ್ ಕಾರು ತೆಗೆಯುವಷ್ಟರಲ್ಲಿ ಇನ್ನೊಂದು ತಪ್ಪು ಆಗುವುದರಲ್ಲಿತ್ತು. ದಾರಿಗೆ ಇರಲಿ ಎಂದು ಗುಲಾಬಿಯಕ್ಕ ಸಕ್ಕರೆ ನೀರು ಕಲಸಲು ಹೊರಟರು. ಸುಹರಾ ತಡೆದಳು. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲು ಬಿಟ್ಟು ಸಕ್ಕರೆ ನೀರು, ಜೇನು, ಬರೀ ನೀರು ಯಾವುದೂ ಬೇಡ ಎಂದಳು.

"ನನ್ನಲ್ಲಿ ಹಾಲೇ ಇಲ್ಲ," ಎಂದಳು ನಿರೀಕ್ಷಾ.

"ನೋಡುವ," ಎಂದು ಸುಹರಾ ಕೈಯಿಂದ ಹಾಲು ಹಿಂಡುವ ಕ್ರಮ ತೋರಿಸಿಕೊಟ್ಟಳು. ಮಗುವಿಗೆ ಹಾಲು ಕುಡಿಸುವ ಪುಟ್ಟ ಬಟ್ಟಲು, ಒಳಲೆ, ತೊಳೆದು ಕುದಿಸಿಟ್ಟಿತ್ತು; ಅದಕ್ಕೆ ಮೊದಲು ಎರಡು ಹನಿ ಬಿತ್ತು, ಆಮೇಲೆ ಹತ್ತು ಹನಿ, ಆಮೇಲೆ ಒಳಲೆಯ ತಳ ಮುಚ್ಚಿತು. ನಿರೀಕ್ಷಾ ಅದನ್ನೇ ನೋಡುತ್ತ ನಿಂತಳು. ಮಗುವಿನ ಬಟ್ಟೆ ಸಡಿಲಿಸಿ ಅಂಗಾಲು ಉಜ್ಜಿದಾಗ ಅದು ಸ್ವಲ್ಪ ಮಿಸುಕಿ ಬಾಯಿ ತೆರೆಯಿತು. ತುಟಿಯ ಅಂಚಿಗೆ ಒಳಲೆ ಹಿಡಿದು ಹನಿ ಹನಿಯಾಗಿ ಕುಡಿಸಿದರು. ಆಮೇಲೆ ಮಗುವನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಅಪ್ಪಿಸಿ, ಮೇಲಿಂದ ಶಾಲು ಹೊದೆಸಿ ಕಾರಿಗೆ ಹತ್ತಿಸಿದೆವು. ಹೊಸ್ತಿಲು ದಾಟುವಾಗ ಮಗಳ ಮೊಣಕೈ ಹಿಡಿದವರು ಗುಲಾಬಿಯಕ್ಕನೇ.

ಗೌರವ್ ಹೋಟೆಲಿನಿಂದ ನೇರ ಆಸ್ಪತ್ರೆಗೆ ಓಡಿ ಬಂದ. ರಕ್ತ ಪರೀಕ್ಷೆ ಮಾಡಿ, ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಇನ್ನು ತಡವಾಗಿದ್ದರೆ ಈ ಹಳದಿ ಮೆದುಳಿಗೆ ಏರುವ ಅಪಾಯವಿತ್ತು, ಆಮೇಲೆ ಮಗುವಿಗೆ ಕಿವಿ ಕೇಳದೆ ಹೋಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು, ಜೀವಕ್ಕೂ ಅಪಾಯ ಎಂದರು. ಅಮ್ಮನ ಹಾಲೇ ಕುಡಿಸಿ, ಎರಡು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಿ ಎಂದರು. ಹೊರಡುವಾಗ ಗುಲಾಬಿಯಕ್ಕ ಮನೆಯಿಂದ ತಂದಿದ್ದ ಹೆರಿಗೆಯ ಡಿಸ್ಚಾರ್ಜ್ ಚೀಟಿಯನ್ನು ಗೌರವ್ ತೆಗೆದು ಕೊಟ್ಟ. ಅದರಲ್ಲಿ ಈ ಮಾತೆಲ್ಲ ಮೊದಲೇ ಬರೆದಿತ್ತು. ಕಳೆದುಹೋಗಬಾರದೆಂದು ಗುಲಾಬಿಯಕ್ಕ ಅದನ್ನು ಯಾರೂ ಓದದಂತೆ ಬೀರುವಿನಲ್ಲಿ ಭದ್ರ ಮಾಡಿದ್ದರು.

ಭಯ ಸ್ವಲ್ಪ ಇಳಿದ ಮೇಲೆ ಗುಲಾಬಿಯಕ್ಕನ ಪ್ರಶ್ನೆಗಳು ಶುರುವಾದವು. ಆ ವಾರ್ಡಿನ ನರ್ಸಿಗೆ ನನ್ನ ಅನುಕಂಪ ಉಂಟು.

"ಈ ಬೆಳಕು ಯಾಕೆ ನೀಲಿ?"

"ಚರ್ಮದಲ್ಲಿರುವ ಹಳದಿಯನ್ನು ಕರಗಿಸ್ಲಿಕ್ಕೆ ಆ ಬೆಳಕೇ ಬೇಕು ಅಮ್ಮ."

"ಕರಗಿದ್ದು ಎಲ್ಲಿಗೆ ಹೋಗ್ತದೆ?"

"ಉಚ್ಚೆಯಲ್ಲಿ, ಕಕ್ಕದಲ್ಲಿ ಹೊರಗೆ ಹೋಗ್ತದೆ. ಅದಕ್ಕೇ ಹಾಲು ಹೊಟ್ಟೆಗೆ ಹೋಗ್ತಾ ಇರಬೇಕು."

"ನಮ್ಮ ಅಂಗಳದ ಬಿಸಿಲು ಸಾಕಾಗುದಿಲ್ವಾ?"

"ಇಷ್ಟು ಏರಿದ ಮೇಲೆ ಸಾಲುದಿಲ್ಲ. ಅದನ್ನು ನಂಬಿ ಕೂತರೆ ದಿನ ಹೋಗ್ತದೆ ಅಷ್ಟೆ."

"ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುದಿಲ್ವಾ?"

ನರ್ಸ್ ನಕ್ಕಳು. "ಇಲ್ಲ ಅಮ್ಮ. ಹೆತ್ತ ಹೊಟ್ಟೆ ಇಳೀಲಿಕ್ಕೆ ಸ್ವಲ್ಪ ಸಮಯ ಬೇಕು. ನೀರು ಬಿಟ್ಟರೆ ಸುಸ್ತು, ತಲೆನೋವು, ಮಲಬದ್ಧತೆ ಬರ್ತದೆ. ಹಾಲು ಕೊಡುವವರು ಬಾಯಾರಿದಾಗಲೆಲ್ಲ ಕುಡೀಬೇಕು. ನಿಮ್ಮ ಮಗಳ ತುಟಿ ನೋಡಿ."

ನಿರೀಕ್ಷಾಳ ತುಟಿ ಒಡೆದಿತ್ತು. ಗುಲಾಬಿಯಕ್ಕ ಎದ್ದು ಹೋಗಿ ಬಾಟಲಿ ತುಂಬ ನೀರು ತಂದರು. ಮಗಳು ಒಂದೇ ಉಸಿರಿಗೆ ಅರ್ಧ ಕುಡಿದಳು. ನೋಡುತ್ತಿದ್ದ ತಾಯಿಯ ಕಣ್ಣು ತುಂಬಿತು. "ನನಗೂ ಹೀಗೇ ಬಾಯಾರ್ತಿತ್ತು, ಕೊಡ್ತಿರಲಿಲ್ಲ," ಎಂದರು. ಹೌದಲ್ಲ ಎಂದು ನನಗೂ ಅನಿಸಿತು. ನಮ್ಮ ತಾಯಂದಿರು ಬಾಯಾರಿಕೆಯನ್ನೂ ಬಾಣಂತನದ ಕ್ರಮ ಎಂದೇ ನುಂಗಿದರು.

ಹಾಲಿನ ಗುಟ್ಟನ್ನೂ ಆ ನರ್ಸೇ ಬಿಡಿಸಿ ಹೇಳಿದಳು. ಮಗು ಎಳೆದಷ್ಟೂ ಹಾಲು ಬರುತ್ತದೆ. ನಿದ್ದೆಯ ಮಗು ಎಳೆಯಲಿಲ್ಲ, ಅದಕ್ಕೆ ಹಾಲು ಕಡಿಮೆ ಬಂತು. ಹಾಲು ಸಿಗದ್ದಕ್ಕೆ ಮಗು ಇನ್ನೂ ಸುಸ್ತಾಗಿ ಮಲಗಿತು. ಎಲ್ಲರೂ ಅದನ್ನು ಒಳ್ಳೆಯ ಗುಣ ಎಂದುಕೊಂಡರು. ಮೊಲೆತೊಟ್ಟು ಮಾತ್ರವಲ್ಲ, ಅದರ ಸುತ್ತಲಿನ ಕಪ್ಪು ಭಾಗವೂ ಮಗುವಿನ ಬಾಯಿಯೊಳಗೆ ಹೋಗುವಂತೆ ಹಿಡಿಯುವುದನ್ನು ನಿರೀಕ್ಷಾ ಕಲಿತಳು. ಮೊದಲು ಬೆವರಿದಳು, ಮೂರನೆಯ ಸಲಕ್ಕೆ ಯಾರ ಸಹಾಯವೂ ಇಲ್ಲದೆ ಹಿಡಿದಳು.

ಆಸ್ಪತ್ರೆ ಸೇರಿದ ಮೂರನೆಯ ದಿನ ಬೆಳಗ್ಗೆ ನಾನು ಗಂಜಿ ತೆಗೆದುಕೊಂಡು ವಾರ್ಡಿಗೆ ಹೋದಾಗ ಒಳಗಿನಿಂದ ಕಿವಿಗಡಚಿಕ್ಕುವ ಕೂಗು ಕೇಳುತ್ತಿತ್ತು. ಯಾರ ಮಗುವಪ್ಪ ಇದು ಎಂದುಕೊಂಡೆ. ನಮ್ಮದೇ. ಹಸಿವಿಗೆ ಮುಖ ಕೆಂಪು ಮಾಡಿಕೊಂಡು ಕೂಗುತ್ತಿತ್ತು. ನಿರೀಕ್ಷಾ ನಗುತ್ತ, ಅಳುತ್ತ, ಎರಡನ್ನೂ ಒಟ್ಟಿಗೆ ಮಾಡುತ್ತ ಅದನ್ನು ಎದೆಗೆ ಎತ್ತಿಕೊಳ್ಳುತ್ತಿದ್ದಳು.

ಮನೆಗೆ ಬಂದ ಮೇಲೆ ಆ ಕೋಣೆಯ ಪರದೆ ಹಗಲು ಹೊತ್ತು ತೆರೆದೇ ಇತ್ತು. ಗುಲಾಬಿಯಕ್ಕ ಅಟ್ಟದಿಂದ ಚೆನ್ನೆಮಣೆ ಇಳಿಸಿದರು, ಎರಡು ಸಾಲು ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮರದ ಮಣೆ. ಮಳೆಗಾಲದ ಆಟಿ ತಿಂಗಳ ಆಟ ಈಗ ಯಾಕೆ ಎಂದು ನನಗೆ ಕುತೂಹಲ. ನೋಡಿದರೆ ಕೆಳಗಿನ ಸಾಲಿನ ಏಳು ಗುಳಿ ಒದ್ದೆ ಬಟ್ಟೆಗೆ, ಮೇಲಿನ ಸಾಲು ಹಾಲಿಗೆ. ಒಂದು ಬಟ್ಟೆ ಒದ್ದೆಯಾದರೆ ಕೆಳಗಿನ ಒಂದು ಗುಳಿಗೆ ಒಂದು ಕಾಯಿ. ಆರು ಗುಳಿ ತುಂಬದೆ ಅವರಿಗೆ ದಿನ ಮುಗಿದ ಹಾಗಲ್ಲ. ಹಾಲು ಕುಡಿಸಿದಾಗಲೆಲ್ಲ ಮೇಲಿನ ಗುಳಿಗೆ ಒಂದು, ಏಳೂ ತುಂಬಿದರೆ ಪುನಃ ಮೊದಲ ಗುಳಿಯಿಂದ. ಎಂಟು ಸಲಕ್ಕೆ ಕಡಿಮೆಯಾಗಬಾರದು, ಹತ್ತು ಹನ್ನೆರಡಾದರೆ ಒಳ್ಳೆಯದು. ಹಗಲೆಲ್ಲ ಹಳೆಯ ಮುಂಡಿನ ತುಂಡುಗಳೇ ಮಗುವಿಗೆ ಬಟ್ಟೆ.

"ಡೈಪರ್ ಹಾಕಬಾರದು ಅಂತಲ್ಲ," ಎಂದಳು ಸುಹರಾ, ಹದಿನಾಲ್ಕನೆಯ ದಿನ ಬಂದಾಗ. ಈ ಸಲ ಗುಲಾಬಿಯಕ್ಕ ಗೇಟಿನವರೆಗೆ ಹೋಗಿ ಕರೆತಂದಿದ್ದರು. "ಹಾಕಿದರೂ ಆಗಾಗ ಬಿಚ್ಚಿ ನೋಡಿ. ಮೊದಲ ಕೆಲವು ವಾರ ಬಟ್ಟೆಯಾದರೆ ಲೆಕ್ಕ ಸುಲಭ. ಇದು ನಿಮ್ಮ ಕಾಲದ ಬುದ್ಧಿ ಗುಲಾಬಿಯಕ್ಕ, ನನ್ನದಲ್ಲ."

ತೂಕ ಎರಡು ಕಿಲೋ ಒಂಬೈನೂರ ಇಪ್ಪತ್ತು. ಗುಲಾಬಿಯಕ್ಕ ತಕ್ಕಡಿಯ ಮುಳ್ಳನ್ನು ಎರಡು ಸಲ ಬಗ್ಗಿ ನೋಡಿದರು.

ಹೊರಡುವ ಮೊದಲು ಸುಹರಾ ನಿರೀಕ್ಷಾಳ ಬಳಿ ಕೂತಳು. "ಮಗು ಹುಷಾರು. ನೀವು ಹೇಗಿದ್ದೀರಿ?"

"ಕೆಲವು ಸಲ ಸುಮ್ಮನೆ ಕಣ್ಣಲ್ಲಿ ನೀರು ಬರ್ತದೆ. ಮೊದಲಿನಷ್ಟು ಇಲ್ಲ."

"ಹೆತ್ತ ಮೇಲೆ ಕೆಲವು ದಿನ ಹಾಗೆ ಆಗ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ಮಗು ಮಲಗಿದರೂ ನಿಮಗೆ ನಿದ್ರೆ ಬಾರದಿದ್ದರೆ, ಎಂತಕ್ಕೂ ಮನಸ್ಸಿಲ್ಲ ಅಂತ ಆದರೆ ನನಗೆ ಫೋನ್ ಮಾಡಿ. ಅದಕ್ಕೂ ಡಾಕ್ಟರ್ ಇದ್ದಾರೆ. ಅದು ನಾಚಿಕೆಯ ವಿಷಯ ಅಲ್ಲ."

ಎರಡು ದಿನ ಬಿಟ್ಟು ಅಮೆ ಕಳೆದ ಮೇಲೆ ಮಗುವಿಗೆ ಮನ್ವಿತಾ ಎಂದು ಹೆಸರಿಟ್ಟರು.

ಇದನ್ನು ಓದುವ ಅಕ್ಕಂದಿರೇ, ಅಮ್ಮಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂದೋ ನಾಳೆಯೋ ಮೊದಲ ಮಗು ಬರಬಹುದು. ಮಗುವನ್ನು ದಿನಕ್ಕೊಮ್ಮೆ ಹಗಲ ಬೆಳಕಿನಲ್ಲಿ ನೋಡಿ. ಒದ್ದೆಯಾದ ಬಟ್ಟೆ ಎಣಿಸಿ, ಐದನೆಯ ದಿನದ ಮೇಲೆ ಆರಕ್ಕೆ ಕಡಿಮೆಯಾದರೆ ಸುಮ್ಮನಿರಬೇಡಿ. ಎರಡು ಮೂರು ಗಂಟೆ ಕಳೆದರೂ ಏಳದ ಮಗುವನ್ನು ಎಬ್ಬಿಸಿ ಹಾಲು ಕುಡಿಸಿ. ಅಂಗೈ ಅಂಗಾಲು ಹಳದಿಯಾದರೆ, ಹುಟ್ಟಿದ ಮೊದಲ ದಿನವೇ ಮೈ ಹಳದಿಯಾದರೆ, ಎಬ್ಬಿಸಿದರೂ ಹಾಲು ಕುಡಿಯದಿದ್ದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಯಾವ ಸೂತಕವನ್ನೂ ಯಾವ ಮುಹೂರ್ತವನ್ನೂ ಕಾಯದೆ ಆಸ್ಪತ್ರೆಗೆ ಹೊರಡಿ. ಬಾಣಂತಿಗೆ ಕೇಳಿದಷ್ಟು ನೀರು ಕೊಡಿ. ಆಶಾ ಕಾರ್ಯಕರ್ತೆ ಬಂದರೆ ಗೇಟು ತೆರೆಯಿರಿ.

ಮಗು ನೋಡಲು ಹೋಗುವ ನನ್ನಂಥವರಿಗೆ ಇನ್ನೊಂದು ಮಾತು. ಮೂಗು ಯಾರದ್ದೆಂದು ಆಮೇಲೆ ನೋಡೋಣ. ಮೊದಲು ತಾಯಿಯ ಹತ್ತಿರ ಕೂತು, ನಿನಗೆ ಎಂತ ಅನಿಸ್ತದೆ ಮಗಾ ಎಂದು ಕೇಳಿ. ಅವಳು ಹೇಳಿ ಮುಗಿಸುವ ತನಕ ಏಳಬೇಡಿ. ಏನೋ ಸರಿ ಇಲ್ಲ ಎಂದು ಅವಳು ಹೇಳಿದರೆ, ಅದನ್ನೇ ಮೊದಲ ಪರೀಕ್ಷೆಯ ರಿಪೋರ್ಟ್ ಎಂದು ನಂಬಿ.